ರೇಡಿಯೇಟರ್ ಬದಲಿಸುವ ಮುಂಚೆ ಗೋಡೆ ತಟ್ಟಿ ನೋಡಿ, ನೀರು ಹಿಡಿದು ನೋಡಿ

ಪ್ರಶ್ನೆ

"ಸರ್ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. 1930ರ ದಶಕದ ಸೆಮಿ ಮನೆ (ಒಂದು ಗೋಡೆ ಪಕ್ಕದ ಮನೆಗೆ ಅಂಟಿದ್ದು), ಕೊಂಡು ಎರಡು ವರ್ಷವಾಯಿತು. ಕಾಂಬಿ ಬಾಯ್ಲರ್ ಇದೆ, ನಲ್ಲಿಗೂ ರೂಮು ಬಿಸಿ ಮಾಡುವ ರೇಡಿಯೇಟರ್‌ಗಳಿಗೂ ಅದೇ ನೀರು ಕಾಯಿಸೋದು. ಮಹಡಿ ಮೇಲಿನ ಹಿಂದಿನ ರೂಮಿನ ರೇಡಿಯೇಟರ್ ಮೇಲ್ಗಡೆ ಕೈ ಇಡಲಾರದಷ್ಟು ಬಿಸಿ, ಕೆಳಗೆ ನಡುಮಧ್ಯ ತಣ್ಣಗೆ. ಒಳಗೆ ಸೇರಿದ ಗಾಳಿಯನ್ನು ಎರಡು ಸಲ ಹೊರಗೆ ಬಿಟ್ಟರೂ ಹಾಗೇ ಇದೆ. ಕೆಳ ಅಂಚಿನಲ್ಲಿ ಬಣ್ಣ ಉಬ್ಬಿ, ಕಾರ್ಪೆಟ್ ಮೇಲೆ ಕಂದು ಕಲೆ ಬಿದ್ದಿದೆ. ನವೆಂಬರ್‌ನಲ್ಲಿ ಧಾರವಾಡದಿಂದ ಅಪ್ಪ ಅಮ್ಮ ಬರ್ತಾರೆ, ಅದೇ ರೂಮು ಅವರಿಗೆ. ಇದನ್ನು ತೆಗೆದು ಎರಡು ಪದರದ ಡಬಲ್ ಹಾಕೋಣ, ಕಿಟಕಿ ಕೆಳಗಿನಿಂದ ಪಕ್ಕದ ಗೋಡೆಗೆ ಬದಲಾಯಿಸೋಣ ಅಂತ ಯೋಚನೆ. ಕಿಟಕಿ ಹತ್ತಿರ ಇದ್ದರೆ ಶಾಖವೆಲ್ಲ ಹೊರಗೆ ಹೋಗುತ್ತೆ ಅಲ್ವಾ? ಆದರೆ ಆ ಪಕ್ಕದ ಗೋಡೆ ತಟ್ಟಿದರೆ ಡಬ್ಬದ ಹಾಗೆ ಶಬ್ದ ಬರುತ್ತೆ. ದೊಡ್ಡದು ಹಾಕಿದರೆ ಗ್ಯಾಸ್ ಬಿಲ್ ಏರುತ್ತೆ ಅಂತ ಗೆಳತಿ ಹೇಳಿದಳು. ಬಂದು ನೋಡಿದ ಪ್ಲಂಬರ್ ಇಡೀ ಮನೆಗೆ ಪವರ್ ಫ್ಲಶ್, ಅಂದರೆ ಮಷೀನಿನಿಂದ ಜೋರಾಗಿ ನೀರು ಹಾಯಿಸಿ ಪೈಪು ರೇಡಿಯೇಟರ್ ಎಲ್ಲ ತೊಳೆಯೋದು, ಮಾಡಿಸಲೇಬೇಕು ಅಂದರು. ನಮ್ಮ ಯಜಮಾನರು 'ನಾನೇ ಹಾಕ್ತೀನಿ' ಅಂತಾರೆ. ಗ್ಯಾಸ್ ಬಾಯ್ಲರಿಗೆ ಸೇರಿದ ಕೆಲಸವನ್ನು ನಾವು ಮುಟ್ಟಬಹುದಾ? ನೀರು ಸುರಿದು ಕೆಳಗಿನ ಸೀಲಿಂಗ್ ಹಾಳಾದರೆ? ಇನ್ನೊಂದು ಪ್ರಶ್ನೆ. ಚಳಿಗಾಲದಲ್ಲಿ ಬಟ್ಟೆ ಒಣಗಿಸೋದು, ದೋಸೆ ಹಿಟ್ಟು ಇಡೋದು ಎಲ್ಲ ರೇಡಿಯೇಟರ್ ಮೇಲೇ. ಹಾಗೆ ಮಾಡಬಹುದಾ?"

ಉತ್ತರ

ಮೇಡಂ, ನಿಮ್ಮ ರೇಡಿಯೇಟರ್ ಆಯಸ್ಸು ಮುಗಿದಿದೆ. ಕೆಳ ಅಂಚಿನಲ್ಲಿ ಬಣ್ಣ ಉಬ್ಬಿ ಕಂದು ನೀರು ತೊಟ್ಟಿಕ್ಕಿದೆ ಎಂದರೆ ಒಳಗಿನಿಂದಲೇ ತಗಡನ್ನು ತುಕ್ಕು ತಿಂದಿದೆ. ಮೇಲೆ ಬಣ್ಣ ಬಳಿದೋ ಏನೋ ಮೆತ್ತಿಯೋ ಒಂದೆರಡು ತಿಂಗಳು ನೂಕಬಹುದು. ಅಪ್ಪ ಅಮ್ಮ ಮಲಗುವ ರೂಮಿನಲ್ಲಿ ಆ ಸಾಹಸ ಬೇಡ. ಬದಲಿಸುವ ಯೋಚನೆ ಸರಿ. ಗೋಡೆ ಬದಲಿಸುವ ಯೋಚನೆಯನ್ನು ಮಾತ್ರ ಇನ್ನೊಮ್ಮೆ ಕೂತು ಮಾತಾಡಿಕೊಳ್ಳಿ.

ಈ ದೇಶದಲ್ಲಿ ಹದಿನೆಂಟು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಜನ ಯಾವ ರೇಡಿಯೇಟರ್ ಚೆಂದ ಎಂದು ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದರೊಳಗೆ ಓಡುವ ನೀರು ಹೇಗಿದೆ, ಅದನ್ನು ಹೊರುವ ಗೋಡೆ ಎಂಥದ್ದು ಎಂದು ಐದು ನಿಮಿಷವೂ ನೋಡುವುದಿಲ್ಲ. ಹೊಸ ರೇಡಿಯೇಟರ್ ಬೇಗ ತೂತು ಬೀಳುವುದು, ಗೋಡೆಯಿಂದ ಕಿತ್ತು ಬರುವುದು ಈ ಎರಡನ್ನು ನೋಡದೇ ಇದ್ದಾಗಲೇ.

ಮೊದಲು ಕಾನೂನಿನ ಭಯ ಬಿಡಿ. ಗ್ಯಾಸ್ ಪೈಪು, ಬಾಯ್ಲರಿನ ಒಳಗಿನ ಕೆಲಸ ಗ್ಯಾಸ್ ಸೇಫ್ ನೋಂದಣಿ ಇರುವವರದ್ದು ಮಾತ್ರ. 2009ಕ್ಕೆ ಮುಂಚೆ ಇದೇ ನೋಂದಣಿಯನ್ನು ಕಾರ್ಗಿ ಎನ್ನುತ್ತಿದ್ದರು. ಹಳಬರ ಬಾಯಲ್ಲಿ ಇನ್ನೂ ಆ ಹೆಸರೇ ಇದೆ. ರೇಡಿಯೇಟರಿನಲ್ಲಿ ಓಡುವುದು ಬರೀ ನೀರು. ಅದನ್ನು ಬದಲಿಸಲು ಗ್ಯಾಸ್ ಸೇಫ್ ಕಾರ್ಡ್ ಬೇಡ. ನಿಮ್ಮ ಯಜಮಾನರು ಹಾಕಬಹುದು. ಬಾಯ್ಲರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಬಾಡಿಗೆ ಮನೆಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ನೀವು ಸ್ಪಾನರ್ ಹಿಡಿಯಬೇಡಿ. ಹೀಟಿಂಗ್ ಸರಿ ಇಡುವುದು ಮನೆ ಮಾಲೀಕರ ಜವಾಬ್ದಾರಿ, 1985ರ ಮನೆ ಮಾಲೀಕ-ಬಾಡಿಗೆದಾರರ ಕಾಯ್ದೆಯಲ್ಲೇ ಹಾಗಿದೆ.

ಇನ್ನು ಕೆಳಗೆ ಏಕೆ ತಣ್ಣಗೆ? ಗಾಳಿ ಸೇರಿದರೆ ಮೇಲ್ಗಡೆ ತಣ್ಣಗಾಗುತ್ತದೆ, ಏಕೆಂದರೆ ಗಾಳಿ ಮೇಲೇರುತ್ತದೆ. ನಿಮ್ಮದು ಉಲ್ಟಾ. ಅದಕ್ಕೇ ಗಾಳಿ ಬಿಟ್ಟರೂ ಪ್ರಯೋಜನವಾಗಲಿಲ್ಲ. ಕೆಳಗೆ ಕೂತಿರುವುದು ಕೆಸರು. ಉಕ್ಕಿನ ತಗಡು ನೀರಿನ ಜೊತೆ ಸೇರಿ ಸವೆದು ಕಪ್ಪು ಪುಡಿಯಾಗುತ್ತದೆ. ಮ್ಯಾಗ್ನೆಟೈಟ್ ಅಂತ ಅದರ ಹೆಸರು, ನಾವು ನೋಡುವ ಕೆಂಪು ತುಕ್ಕಿನ ದಾಯಾದಿ. ನೀರಿಗಿಂತ ಎಷ್ಟೋ ಭಾರ. ಹರಿವು ನಿಧಾನವಾಗುವ ಜಾಗದಲ್ಲಿ, ಅಂದರೆ ರೇಡಿಯೇಟರಿನ ತಳದ ನಡುವೆ, ಹೋಗಿ ಕೂರುತ್ತದೆ. ಬಿಸಿ ನೀರು ಅದರ ಮೇಲಿಂದಲೇ ಹಾದುಹೋಗುತ್ತದೆ.

ಹಳೇ ರೇಡಿಯೇಟರ್ ಕಳಚಿದಾಗ ಕೊನೆಯಲ್ಲಿ ಬರುವ ನೀರನ್ನು ಒಮ್ಮೆ ಗಾಜಿನ ಬಾಟಲಿಗೆ ಹಿಡಿದು ನೋಡಿ. ಕಾಡಿಗೆ ಕದಡಿದ ಹಾಗಿರುತ್ತದೆ. ಫ್ರಿಜ್ ಮೇಲಿನ ಆಯಸ್ಕಾಂತವನ್ನು ಬಾಟಲಿಗೆ ಹೊರಗಿನಿಂದ ತಾಗಿಸಿ. ಕಪ್ಪು ಪುಡಿ ಎದ್ದು ಬಂದು ಗಾಜಿಗೆ ಅಂಟಿಕೊಳ್ಳುತ್ತದೆ, ಆಯಸ್ಕಾಂತ ಸರಿಸಿದರೆ ಹಿಂದೆಯೇ ಸರಿಯುತ್ತದೆ. ಇದನ್ನು ನೋಡಿದ ಮೇಲೆ ಯಾರೂ ನೀರಿನ ಮಾತನ್ನು ಹಗುರವಾಗಿ ತೆಗೆದುಕೊಂಡಿದ್ದು ನಾನು ಕಂಡಿಲ್ಲ. ಅದು ನಿಮ್ಮ ಮನೆಯ ರೇಡಿಯೇಟರಿನ ಮೈಯೇ, ಕರಗಿ ಬಂದಿರುವುದು.

ತುಕ್ಕಿಗೆ ಆಮ್ಲಜನಕ ಬೇಕು. ಮುಚ್ಚಿದ ಪೈಪಿನಲ್ಲಿ ಅದೇ ನೀರು ಸುತ್ತುತ್ತಿದ್ದರೆ ಇದ್ದ ಆಮ್ಲಜನಕ ಬೇಗ ಮುಗಿದು, ಸವೆತ ನಿಧಾನವಾಗುತ್ತದೆ. ಹೊಸ ನೀರು ಬಿಟ್ಟಾಗಲೆಲ್ಲ ಮತ್ತೆ ಶುರು. ಅದಕ್ಕೇ ಕೇಳುತ್ತೇನೆ, ಬಾಯ್ಲರಿನ ಪ್ರೆಶರ್ ಮುಳ್ಳು ಕೆಳಗಿಳಿಯಿತು ಅಂತ ಎಷ್ಟು ದಿನಕ್ಕೊಮ್ಮೆ ನೀರು ತುಂಬುತ್ತೀರಿ? ವರ್ಷಕ್ಕೆ ಒಂದೆರಡು ಸಲ ಆದರೆ ಚಿಂತೆಯಿಲ್ಲ. ವಾರ ವಾರವೂ ತುಂಬುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಬಹುಶಃ ಈ ರೇಡಿಯೇಟರೇ ಇರಬಹುದು. ಬದಲಿಸಿದ ಮೇಲೂ ಮುಳ್ಳು ಇಳಿಯುತ್ತಲೇ ಇದ್ದರೆ ಸುಮ್ನೆ ಬಿಡಬೇಡಿ, ಹುಡುಕಿಸಿ.

ಪವರ್ ಫ್ಲಶ್ ಮಾಡಿಸಲೇಬೇಕಾ? ಮಾಡಿಸಲೇಬೇಕು ಎಂದೂ ಇಲ್ಲ, ಬರೀ ದುಡ್ಡು ಕೀಳುವ ಉಪಾಯ ಎಂದೂ ಇಲ್ಲ. ಹೀಟಿಂಗ್ ಹಾಕಿ ಒಂದು ಗಂಟೆ ಬಿಡಿ. ಮನೆಯ ಪ್ರತಿಯೊಂದು ರೇಡಿಯೇಟರಿನ ತಳವನ್ನೂ ಅಂಗೈಯಿಂದ ಸವರುತ್ತಾ ಹೋಗಿ. ಉಳಿದವೆಲ್ಲ ಮೇಲಿಂದ ಕೆಳಗೆ ಹೆಚ್ಚುಕಮ್ಮಿ ಒಂದೇ ಸಮ ಬಿಸಿ ಇದ್ದರೆ, ರೋಗ ಇದೊಂದರಲ್ಲೇ ಗಟ್ಟಿಯಾಗಿದೆ. ಇದನ್ನು ತೆಗೆದು, ವ್ಯವಸ್ಥೆಗೆ ಕ್ಲೀನರ್ ಹಾಕಿ ಡಬ್ಬದ ಮೇಲೆ ಹೇಳಿದಷ್ಟು ದಿನ ಓಡಿಸಿ, ನೀರು ಬಸಿದು ಹೊಸ ನೀರು ತುಂಬಿದರೆ ಸಾಕು. ಮೂರು ನಾಲ್ಕು ರೇಡಿಯೇಟರ್ ಹೀಗೇ ತಣ್ಣಗಿದ್ದರೆ ಆ ಪ್ಲಂಬರ್ ಹೇಳಿದ್ದು ಸರಿ. ಆದರೆ ಅದರಲ್ಲಿ ಒಂದು ಅಪಾಯ ಇದೆ. ತಗಡು ತೆಳುವಾಗಿರುವ ಹಳೇ ರೇಡಿಯೇಟರ್‌ಗಳಲ್ಲಿ ತೂತಿಗೆ ಅಡ್ಡ ನಿಂತಿರುವುದು ತುಕ್ಕೇ. ಫ್ಲಶ್ ಮಾಡಿದಾಗ ಆ ತುಕ್ಕು ಎದ್ದು, ಮರುದಿನ ಇನ್ನೊಂದು ಕಡೆ ಒಸರಲು ಶುರುವಾಗಬಹುದು. ಇದನ್ನು ಮೊದಲೇ ನಿಮಗೆ ಹೇಳುವವರಿಗೆ ಕೆಲಸ ಕೊಡಿ.

ಯಾವ ದಾರಿ ಹಿಡಿದರೂ ಕೊನೆಗೆ ಇನ್‌ಹಿಬಿಟರ್ ಹಾಕಲೇಬೇಕು. ತುಕ್ಕು ತಡೆಯುವ ದ್ರವ ಅದು. ಸಾಮಾನ್ಯ ಮೂರು ಬೆಡ್‌ರೂಮಿನ ಮನೆಗೆ ಒಂದು ಬಾಟಲಿ ಸಾಕು. ಫರ್ನಾಕ್ಸ್, ಸೆಂಟಿನೆಲ್ ಎರಡೂ ಎಲ್ಲ ಕಡೆ ಸಿಗುತ್ತವೆ. ಇದೊಂದನ್ನು ಮರೆತರೆ ಹೊಸ ತಗಡಿಗೂ ಹಳೇ ಗತಿಯೇ. ಬಾಯ್ಲರಿಗೆ ವಾಪಸ್ ಬರುವ ಪೈಪಿನಲ್ಲಿ ಮ್ಯಾಗ್ನೆಟಿಕ್ ಫಿಲ್ಟರ್ ಇಲ್ಲದಿದ್ದರೆ, ಮುಂದಿನ ಸಲ ಸರ್ವಿಸಿಗೆ ಬಂದವರ ಕೈಯಲ್ಲಿ ಹಾಕಿಸಿ.

ದೊಡ್ಡ ರೇಡಿಯೇಟರ್ ಜಾಸ್ತಿ ಗ್ಯಾಸ್ ತಿನ್ನುತ್ತದೆ ಎನ್ನುವುದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ರೂಮಿಗೆ ಎಷ್ಟು ಶಾಖ ಬೇಕು ಎಂದು ತೀರ್ಮಾನಿಸುವುದು ಗೋಡೆ, ಕಿಟಕಿ ಮತ್ತು ಹೊರಗಿನ ಚಳಿ. ರೇಡಿಯೇಟರ್ ಬರೀ ಬಡಿಸುವ ಸೌಟು. ಬಿಸಿ ಕಾಫಿಯನ್ನು ಲೋಟದಿಂದ ಅಗಲ ಬಟ್ಟಲಿಗೆ ಸುರಿದರೆ ಬೇಗ ಆರುತ್ತದಲ್ಲ? ಕಾಫಿ ಅಷ್ಟೇ, ಹರವು ಜಾಸ್ತಿ. ರೇಡಿಯೇಟರಿನ ಹರವು ಜಾಸ್ತಿ ಇದ್ದರೆ ಅಷ್ಟೇ ಶಾಖವನ್ನು ಕಡಿಮೆ ಬಿಸಿಯ ನೀರಿನಿಂದಲೇ ಕೊಡಬಹುದು. ಇಲ್ಲೇ ಉಳಿತಾಯ ಇರುವುದು. 2005ರ ನಂತರ ಇಲ್ಲಿ ಹಾಕಿದ ಬಾಯ್ಲರ್‌ಗಳು ಬಹುಪಾಲು ಕಂಡೆನ್ಸಿಂಗ್ ಬಗೆಯವು. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಅವು ಹೊಗೆಯಲ್ಲಿ ಹೋಗುವ ಶಾಖವನ್ನು ಹಿಡಿದುಕೊಳ್ಳುತ್ತವೆ. 75ಕ್ಕೆ ಇಟ್ಟು ಓಡಿಸಿದರೆ ಆ ಲಾಭ ಕೈಗೆ ಬರುವುದಿಲ್ಲ. ಕಾಂಬಿಯಲ್ಲಿ ರೇಡಿಯೇಟರಿಗೆ ಒಂದು ಗುಂಡಿ, ನಲ್ಲಿ ನೀರಿಗೆ ಇನ್ನೊಂದು ಗುಂಡಿ ಇರುತ್ತದೆ. ರೇಡಿಯೇಟರಿನದನ್ನು 60ಕ್ಕೋ 55ಕ್ಕೋ ಇಳಿಸಿ ನೋಡಿ. ವಯಸ್ಸಾದವರ ಕೈ ತಾಗಿದರೂ ಅಷ್ಟು ಸುಡುವುದಿಲ್ಲ, ಅದೂ ಮುಖ್ಯ.

ಅಳತೆಯ ಅಂದಾಜು ಕೊಡುತ್ತೇನೆ. 60 ಸೆಂಟಿಮೀಟರ್ ಎತ್ತರ, 1 ಮೀಟರ್ ಉದ್ದದ ರೇಡಿಯೇಟರ್ ಎಂದುಕೊಳ್ಳಿ. ಹಿಂದೆ ಶಾಖ ಹರಡಲು ಅಲೆಯಂತೆ ಬಗ್ಗಿಸಿದ ಮಡಿಕೆ ತಗಡು ಇಲ್ಲದ ಹಳೇ ಸಿಂಗಲ್ ಆದರೆ ಸುಮಾರು 600 ವ್ಯಾಟ್. ಮಡಿಕೆ ಇರುವ ಸಿಂಗಲ್, ಅಂಗಡಿಯವರ ಭಾಷೆಯಲ್ಲಿ ಟೈಪ್ 11, ಸುಮಾರು 1000. ಡಬಲ್, ಅಂದರೆ ಟೈಪ್ 22, ಸುಮಾರು 1700. ಇವೆಲ್ಲ ನೀರು ಸರಾಸರಿ 70 ಡಿಗ್ರಿ, ರೂಮು 20 ಇದ್ದಾಗಿನ ಲೆಕ್ಕ. ನೀರನ್ನು ಸರಾಸರಿ 50ಕ್ಕೆ ಇಳಿಸಿದರೆ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಮುಂದೆ ಎಂದಾದರೂ ಬಾಯ್ಲರ್ ಬದಲು, ಹೊರಗಿನ ಗಾಳಿಯಿಂದ ಶಾಖ ಎಳೆದು ಕಡಿಮೆ ಬಿಸಿಯ ನೀರು ಕೊಡುವ ಹೀಟ್ ಪಂಪ್ ಹಾಕಿಸುವ ಮನಸ್ಸಿದ್ದರೆ ಈಗಲೇ ಡಬಲ್ ಹಾಕಿದ್ದು ಒಳ್ಳೆಯದಾಗುತ್ತದೆ.

ಈಗ ಕಿಟಕಿ. ಶಾಖವೆಲ್ಲ ಹೊರಗೆ ಹೋಗುತ್ತದೆ ಎನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಹೊರಗೋಡೆಗೆ ಅಂಟಿಕೊಂಡ ರೇಡಿಯೇಟರ್ ಆ ಗೋಡೆಯನ್ನೂ ಬಿಸಿ ಮಾಡುತ್ತದೆ. ಹಿಂದೆ ಒಂದು ಪ್ರತಿಫಲನದ ಫಾಯಿಲ್ ಹಾಳೆ ಅಂಟಿಸಿದರೆ ಅದು ತಗ್ಗುತ್ತದೆ. ಪರದೆಯನ್ನು ರೇಡಿಯೇಟರ್ ಮೇಲೆ ಇಳಿಬಿಡುವುದು ದೊಡ್ಡ ತಪ್ಪು, ಶಾಖ ಪರದೆ ಮತ್ತು ಗಾಜಿನ ನಡುವೆಯೇ ಉಳಿಯುತ್ತದೆ. ಪರದೆಯನ್ನು ಕಿಟಕಿಯ ಕಟ್ಟೆಯವರೆಗೆ ಕತ್ತರಿಸಿ ಹೊಲಿಸಿ. ಹಿಂದಿನವರು ಕಿಟಕಿ ಕೆಳಗೆ ಹಾಕಿದ್ದಕ್ಕೂ ಕಾರಣ ಇತ್ತು. ಒಂದೇ ಗಾಜಿನ ಕಿಟಕಿಯಿಂದ ತಣ್ಣನೆ ಗಾಳಿ ಕೆಳಗೆ ಜಾರಿ ಕಾಲಿಗೆ ಬರುತ್ತಿತ್ತು, ರೇಡಿಯೇಟರಿನ ಬಿಸಿ ಅದನ್ನು ತಡೆಯುತ್ತಿತ್ತು. ಡಬಲ್ ಗ್ಲೇಜಿಂಗ್ ಬಂದ ಮೇಲೆ ಆ ಅಗತ್ಯ ಕಡಿಮೆ. ಹಾಗಂತ ಕಿತ್ತು ಬೇರೆ ಕಡೆ ಹಾಕುವಷ್ಟು ಲಾಭವೂ ಇಲ್ಲ. ಪೈಪು ಸರಿಸಲು ಕಾರ್ಪೆಟ್ ಎತ್ತಬೇಕು, ನೆಲದ ಹಲಗೆ ಕೀಳಬೇಕು, ತೊಲೆಗಳನ್ನು ಕೊರೆಯಬೇಕು. ಎಲ್ಲೆಂದರಲ್ಲಿ ಕೊರೆದರೆ ತೊಲೆಯ ಬಲ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಆ ಟೊಳ್ಳು ಗೋಡೆ. ನಿಮ್ಮ ಕಾಲದ ಮನೆಗಳಲ್ಲಿ ಮಹಡಿಯ ಒಳಗೋಡೆಗಳು ಎಷ್ಟೋ ಕಡೆ ಮರದ ಚೌಕಟ್ಟಿನವು. ಕೆಲವಕ್ಕೆ ತೆಳು ಪಟ್ಟಿ ಬಡಿದು ಗಾರೆ ಹಚ್ಚಿರುತ್ತಾರೆ, ಕೆಲವಕ್ಕೆ ಆಮೇಲೆ ಪ್ಲಾಸ್ಟರ್‌ಬೋರ್ಡ್ ಹೊಡೆದಿರುತ್ತಾರೆ. ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್. ಮೀಟರ್ ಉದ್ದದ ಡಬಲ್ ರೇಡಿಯೇಟರ್ ಖಾಲಿ ಇದ್ದಾಗಲೇ ಸುಮಾರು 30 ಕಿಲೋ, ಮೇಲೆ 5-6 ಲೀಟರ್ ನೀರು. ಅಕ್ಕಿ ಮೂಟೆಯನ್ನು ರಟ್ಟಿಗೆ ನೇತುಹಾಕಿದ ಹಾಗೆ. ಒಂದು ಮನೆಗೆ ನನ್ನನ್ನು ಕರೆದಿದ್ದರು. ಬೇರೆ ಯಾರೋ ಹಾಕಿಕೊಟ್ಟು ಒಂದು ಚಳಿಗಾಲ ಕಳೆದಿತ್ತು. ರೇಡಿಯೇಟರಿನ ಮೇಲಂಚು ಗೋಡೆಯಿಂದ ಒಂದು ಬೆರಳಗಲ ಮುಂದಕ್ಕೆ ಬಾಗಿತ್ತು. ಬ್ರ್ಯಾಕೆಟ್ ಸುತ್ತ ಬೋರ್ಡು ಹಪ್ಪಳದ ಹಾಗೆ ಒಡೆದಿತ್ತು. ಅಷ್ಟು ಭಾರವನ್ನೂ ಹಿಡಿದು ನಿಂತಿದ್ದು ಎರಡು ತಾಮ್ರದ ಪೈಪು. ವಾಲ್ವಿನ ಜಾಯಿಂಟಿನಿಂದ ಹನಿ ಹನಿಯಾಗಿ ನೀರು ಜಿನುಗುತ್ತಿತ್ತು. ಬಿಚ್ಚಿ ನೋಡಿದರೆ, ಇಟ್ಟಿಗೆ ಗೋಡೆಗೆ ಹಾಕುವ ಸಾದಾ ಪ್ಲಾಸ್ಟಿಕ್ ಪ್ಲಗ್ಗನ್ನು ಬೋರ್ಡಿಗೆ ತುರುಕಿದ್ದರು.

ನಿಮ್ಮ ವಿಷಯದಲ್ಲಿ ಇನ್ನೊಂದು ಯೋಚನೆ ಬರುತ್ತದೆ. ಅಮ್ಮ ಮಂಚದಿಂದ ಏಳುವಾಗ ಪಕ್ಕದಲ್ಲಿ ಗಟ್ಟಿಯಾಗಿ ಕಂಡಿದ್ದನ್ನು ಹಿಡಿದುಕೊಂಡೇ ಏಳುತ್ತಾರೆ. ರೇಡಿಯೇಟರ್ ಅಲ್ಲಿದ್ದರೆ ಅದನ್ನೇ ಹಿಡಿಯುತ್ತಾರೆ. ಆ ಎಳೆತವನ್ನೂ ಗೋಡೆ ತಡೆಯಬೇಕು.

ಟೊಳ್ಳು ಗೋಡೆಗೇ ಹಾಕಬೇಕು ಅಂತಿದ್ದರೆ ದಾರಿ ಇದೆ. ಮರದ ಕಂಬಗಳು 40 ಅಥವಾ 60 ಸೆಂಟಿಮೀಟರ್ ಅಂತರದಲ್ಲಿರುತ್ತವೆ, ಬ್ರ್ಯಾಕೆಟ್ ಸರಿಯಾಗಿ ಅವುಗಳ ಮೇಲೇ ಬರುವುದು ಅಪರೂಪ. ಆ ಜಾಗದ ಬೋರ್ಡ್ ಕತ್ತರಿಸಿ, ಕಂಬದಿಂದ ಕಂಬಕ್ಕೆ ಅಡ್ಡ ಮರ ಕೊಟ್ಟು, ಮತ್ತೆ ಬೋರ್ಡ್ ಮುಚ್ಚಿ, ಆ ಮರಕ್ಕೆ ಸ್ಕ್ರೂ ಹೊಡೆಯಬೇಕು. ಟೊಳ್ಳು ಗೋಡೆಗೆಂದೇ ಬರುವ ಲೋಹದ ಆಂಕರ್‌ಗಳೂ ಇವೆ. ಸಣ್ಣ ಸಿಂಗಲ್‌ಗೆ ಪರವಾಗಿಲ್ಲ, ಡಬಲ್‌ಗೆ ನಾನು ಅವನ್ನಷ್ಟೇ ನಂಬುವುದಿಲ್ಲ. ಕೊರೆಯುವ ಮುಂಚೆ ವೈರು, ಪೈಪು ಪತ್ತೆ ಮಾಡುವ ಡಿಟೆಕ್ಟರ್ ಹಿಡಿದು ನೋಡಿ. ಸ್ವಿಚ್ಚು, ಸಾಕೆಟ್ಟುಗಳ ನೇರ ಮೇಲೆ ಕೆಳಗೆ ಕೊರೆಯಲೇಬೇಡಿ. ಗೋಡೆಗೋ ಸೀಲಿಂಗಿಗೋ ಹಳೇ ಉಬ್ಬು ಡಿಸೈನಿನ ಲೇಪ ಇದ್ದರೆ ಮೊದಲು ಪರೀಕ್ಷೆ ಮಾಡಿಸಿ. ಅದರಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್‌ಬೆಸ್ಟಾಸ್ ನಾರು ಇರಬಹುದು, ಇಲ್ಲಿ ಅದು ಪೂರ್ತಿ ನಿಷೇಧವಾಗಿದ್ದು 1999ರಲ್ಲಿ.

ನನ್ನನ್ನು ಕೇಳಿದರೆ, ಕಿಟಕಿ ಕೆಳಗೆ ಇದ್ದ ಜಾಗದಲ್ಲೇ ಡಬಲ್ ಹಾಕಿ. ಅದು ಇಟ್ಟಿಗೆ ಗೋಡೆ, ಪೈಪು ಅಲ್ಲೇ ಇದೆ. ಎರಡು ವಿಷಯ ಮಾತ್ರ ಅಳೆದುಕೊಂಡು ಅಂಗಡಿಗೆ ಹೋಗಿ. ಒಂದು, ಎರಡು ಪೈಪುಗಳ ನಡುವಿನ ಅಂತರ. ಹಳೆಯವು ಇಂಚಿನ ಲೆಕ್ಕದವು, ಹೊಸವು ಮೆಟ್ರಿಕ್. ಹೊಸದು ಸ್ವಲ್ಪ ಗಿಡ್ಡವಾದರೆ ಎಕ್ಸ್‌ಟೆನ್ಶನ್ ಹಾಕಿ ಸರಿತೂಗಿಸಬಹುದು, ಉದ್ದವಾದರೆ ಪೈಪೇ ಸರಿಸಬೇಕು. ಇನ್ನೊಂದು, ಡಬಲ್‌ನ ದಪ್ಪ ಸುಮಾರು 10 ಸೆಂಟಿಮೀಟರ್. ಅದರ ಬಾಯಿ ಗೋಡೆಯಿಂದ ಸಿಂಗಲ್‌ಗಿಂತ ಮುಂದೆ ಬರುತ್ತದೆ, ಪೈಪನ್ನು ಅಷ್ಟು ಮುಂದೆ ತರಬೇಕಾಗಬಹುದು. ಈ ಕೆಲಸ ಯಜಮಾನರಿಗೆ ಅಭ್ಯಾಸ ಇಲ್ಲದಿದ್ದರೆ, ಪೈಪಿನ ಮಟ್ಟಿಗೆ ಪ್ಲಂಬರ್ ಕರೆಸಿ.

ಸೀಲಿಂಗ್ ಭಯಕ್ಕೆ ಬರೋಣ. ಕಾಂಬಿಯಲ್ಲಿ ಫಿಲ್ಲಿಂಗ್ ಲೂಪ್, ಅಂದರೆ ಹೊಸ ನೀರು ತುಂಬುವ ನಳಿಕೆ, ಮುಚ್ಚಿದ್ದರೆ ಮೈನ್ಸ್ ನೀರು ಒಳಗೆ ಬರುವುದಿಲ್ಲ. ಹೀಟಿಂಗ್ ಆರಿಸಿ, ಎಲ್ಲ ಪೂರ್ತಿ ತಣ್ಣಗಾಗಲಿ. ಎರಡೂ ಕಡೆಯ ವಾಲ್ವ್ ಮುಚ್ಚಿ. ಟೋಪಿ ಹಾಕಿದ ಹಾಗಿರುವ ಲಾಕ್‌ಶೀಲ್ಡ್ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿ ಮುಚ್ಚಿದಿರಿ ಎಂದು ಬರೆದಿಡಿ, ಕೊನೆಗೆ ಅಷ್ಟೇ ಸುತ್ತು ತೆರೆಯಬೇಕು. ಈಗ ಗಾಳಿ ಬಿಡುವ ಸ್ಕ್ರೂ ತೆರೆದು ಕೆಳಗೆ ಲೋಟ ಹಿಡಿಯಿರಿ. ನೀರು ಒಮ್ಮೆ ಚಿಮ್ಮಿ ನಿಂತರೆ ವಾಲ್ವ್‌ಗಳು ಸರಿಯಾಗಿ ಹಿಡಿದಿವೆ. ಬರುತ್ತಲೇ ಇದ್ದರೆ ವಾಲ್ವ್ ಕೂರುತ್ತಿಲ್ಲ ಅಂತ ಅರ್ಥ. ಸ್ಕ್ರೂ ಮುಚ್ಚಿ ಅಲ್ಲಿಗೇ ನಿಲ್ಲಿಸಿ. ವ್ಯವಸ್ಥೆಯ ನೀರೆಲ್ಲ ಬಸಿಯದೆ ನಟ್ ಬಿಚ್ಚಬಾರದು. ಈ ಒಂದು ಪರೀಕ್ಷೆ ಎಷ್ಟೋ ಸೀಲಿಂಗ್ ಉಳಿಸಿದೆ.

ವಾಲ್ವ್ ಹಿಡಿದಿದ್ದರೆ ಸ್ಕ್ರೂ ಮುಚ್ಚಿ, ಕೆಳಗೆ ಬಣ್ಣ ಬಳಿಯುವ ಚಪ್ಪಟೆ ಟ್ರೇ ಇಟ್ಟು, ಸುತ್ತ ಹಳೇ ಟವೆಲ್ ಹಾಸಿ. ನಟ್ ಸಡಿಲಿಸುವಾಗ ಇನ್ನೊಂದು ಸ್ಪಾನರಿನಿಂದ ವಾಲ್ವಿನ ಮೈ ಹಿಡಿದುಕೊಳ್ಳಿ, ಇಲ್ಲದಿದ್ದರೆ ಪೈಪೇ ತಿರುಚಿಕೊಳ್ಳುತ್ತದೆ. ಆಮೇಲೆ ಮೇಲಿನ ಸ್ಕ್ರೂ ಮೆಲ್ಲಗೆ ತೆರೆಯಿರಿ. ಗಾಳಿ ಒಳಗೆ ಹೋದಂತೆ ನೀರು ಇಳಿಯುತ್ತದೆ, ಸ್ಕ್ರೂ ಮುಚ್ಚಿದರೆ ಹೆಚ್ಚುಕಡಿಮೆ ನಿಲ್ಲುತ್ತದೆ. ಟ್ರೇ ತುಂಬಿದಾಗ ಬದಲಿಸಲು ಇನ್ನೊಬ್ಬರು ಬೇಕೇ ಬೇಕು. ಎತ್ತುವಾಗ ಎರಡೂ ಬಾಯಿಗೆ ಬಟ್ಟೆ ತುರುಕಿ, ಆಡಿಸದೆ ಒಯ್ಯಿರಿ. ಆ ಕಪ್ಪು ನೀರು ಬಿದ್ದ ಕಾರ್ಪೆಟ್ ತೊಳೆದರೂ ಹೋಗುವುದಿಲ್ಲ. ಕೆಲಸ ಅರ್ಧಕ್ಕೆ ನಿಲ್ಲಿಸಿ ರಾತ್ರಿ ಬಿಡುವುದಾದರೆ ವಾಲ್ವಿನ ಬಾಯಿಗಳಿಗೆ ಬಿರಡೆ ಹಾಕಿ. ರೂಮಿನ ಬಿಸಿಗೆ ತಕ್ಕಂತೆ ತಾನೇ ತೆರೆದು ಮುಚ್ಚುವ, ನಂಬರು ಬರೆದಿರುವ ಟಿಆರ್‌ವಿ ವಾಲ್ವ್ ಮುಚ್ಚಿದ್ದರೂ ರೂಮು ತುಂಬಾ ತಣ್ಣಗಾದರೆ ತಾನೇ ತೆರೆದುಕೊಳ್ಳಬಹುದು, ಅದನ್ನು ಹಾಗೇ ಮಾಡಿರುತ್ತಾರೆ.

ಹೊಸ ಬ್ರ್ಯಾಕೆಟ್ ಹಾಕುವಾಗ ಪ್ಲಗ್ ಗಾರೆಯಲ್ಲಿ ನಿಲ್ಲದೆ ಇಟ್ಟಿಗೆಯೊಳಗೆ ಇಳಿಯಬೇಕು. ಉದ್ದ ಸ್ಕ್ರೂ ತನ್ನಿ. ನೆಲದಿಂದ 10ರಿಂದ 15 ಸೆಂಟಿಮೀಟರ್ ಬಿಡಿ. ಮೇಲೆ ಕಿಟಕಿ ಕಟ್ಟೆಗೂ ರೇಡಿಯೇಟರಿಗೂ ನಡುವೆ ಗಾಳಿಯಾಡಲು ಕನಿಷ್ಠ 5 ಇರಲಿ. ರಸಮಟ್ಟ ಹಿಡಿದು ನೋಡಿ. ವಾಲ್ವಿನ ತಿರುಪು ಭಾಗಕ್ಕೆ ಟೆಫ್ಲಾನ್ ಟೇಪ್ ಧಾರಾಳವಾಗಿ, ಹತ್ತು ಹದಿನೈದು ಸುತ್ತು ಹಾಕಿ.

ತುಂಬಿದ ಮೇಲೆ ಗಾಳಿ ಬಿಟ್ಟು, ತಣ್ಣಗಿರುವಾಗ ಮುಳ್ಳು 1ರಿಂದ 1.5 ಬಾರ್ ನಡುವೆ ನಿಲ್ಲಿಸಿ, ಫಿಲ್ಲಿಂಗ್ ಲೂಪ್ ಮುಚ್ಚಿದ್ದೀರಾ ಎಂದು ಎರಡು ಸಲ ನೋಡಿ. ಪ್ರತಿ ಜಾಯಿಂಟ್ ಕೆಳಗೆ ಟಿಶ್ಯೂ ಪೇಪರ್ ಇಡಿ. ಒಮ್ಮೆ ಪೂರ್ತಿ ಬಿಸಿ ಮಾಡಿ, ಮತ್ತೆ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಪೇಪರ್ ನೋಡಿ. ಕಣ್ಣಿಗೆ ಕಾಣದ ಹನಿಯೂ ಅದರಲ್ಲಿ ಗೊತ್ತಾಗುತ್ತದೆ. ಕೆಲಸವನ್ನು ಸೆಪ್ಟೆಂಬರಿನಲ್ಲೇ, ಅಂಗಡಿ ತೆರೆದಿರುವ ದಿನ ಬೆಳಿಗ್ಗೆ ಶುರು ಮಾಡಿ. ಮೊದಲ ಚಳಿ ಬಿದ್ದ ವಾರ ನಮ್ಮಂಥವರು ಯಾರೂ ಕೈಗೆ ಸಿಗುವುದಿಲ್ಲ.

ಬಟ್ಟೆ ವಿಷಯ. ರೇಡಿಯೇಟರ್ ಮೇಲೆ ಹೊದೆಸಿದರೆ ರೂಮಿಗೆ ಶಾಖ ಬರುವುದಿಲ್ಲ, ಬಟ್ಟೆಯ ನೀರೆಲ್ಲ ಗಾಳಿಗೆ ಸೇರಿ ತಣ್ಣನೆ ಮೂಲೆಗಳಲ್ಲಿ ಕೂತು ಬೂಷ್ಟು ಹಿಡಿಯುತ್ತದೆ. ಅಪ್ಪನಿಗೆ ಉಬ್ಬಸ ಕೆಮ್ಮು ಏನಾದರೂ ಇದ್ದರೆ ಆ ರೂಮಿನಲ್ಲಂತೂ ಬೇಡ. ಬೇರೆ ರೂಮಿನಲ್ಲಿ ಸ್ಟ್ಯಾಂಡಿಗೆ ಹರವಿ, ಬಾಗಿಲು ಮುಚ್ಚಿ, ಕಿಟಕಿ ಸ್ವಲ್ಪ ತೆರೆದಿಡಿ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇದ್ದರೆ, ಕಿಟಕಿ ಮುಚ್ಚಿ ಅದನ್ನು ಓಡಿಸುವುದು ಇನ್ನೂ ಒಳ್ಳೆಯದು.

ದೋಸೆ ಹಿಟ್ಟನ್ನು ರೇಡಿಯೇಟರ್ ಮೇಲೆ ಇಡಬೇಡಿ. ತಳ ಬೆಂದುಹೋಗುತ್ತದೆ, ಮೇಲೆ ಹುದುಗು ಬರುವುದಿಲ್ಲ. ಉಕ್ಕಿದರೆ ಹಿಟ್ಟು ಹಿಂದಿನ ಮಡಿಕೆ ತಗಡಿನೊಳಗೆ ಇಳಿದು ಒಣಗುತ್ತದೆ, ತೆಗೆಯಲು ನಾನು ಪಟ್ಟ ಪಾಡು ನನಗೆ ಗೊತ್ತು. ಒಂದು ಗೇಣು ದೂರದಲ್ಲಿ ಸ್ಟೂಲ್ ಹಾಕಿ, ಪಾತ್ರೆ ಅರ್ಧ ಮಾತ್ರ ತುಂಬಿಸಿ, ಕೆಳಗೊಂದು ತಟ್ಟೆ ಇಟ್ಟು, ಮೇಲೆ ಟವೆಲ್ ಹೊದೆಸಿಡಿ. ನಮ್ಮ ಮನೆಯಲ್ಲಿ ಜನವರಿಯಲ್ಲೂ ಹೀಗೇ ಇಡುತ್ತೇವೆ, ಬೆಳಿಗ್ಗೆ ಹೊತ್ತಿಗೆ ಉಬ್ಬಿರುತ್ತದೆ.